ಎಲ್ಲಿ ಹುಟ್ಟಿದರು, ಎಲ್ಲಿ ಮಣ್ಣಾದರು: ಕರಾವಳಿಯ ರಾಜಕಾರಣಿಗಳ ಜೀವನ ದಾಖಲೆ ಬರೆಯುವ ಕ್ರಮ

ಮಂಗಳೂರಿನಲ್ಲಿ ಕೆ.ಎಸ್. ರಾವ್ ರಸ್ತೆ ಗೊತ್ತಿಲ್ಲದವರಿಲ್ಲ. ಬೆಂಗಳೂರಿನ ಸದಾಶಿವನಗರವೂ ಅದೇ ಕಾರ್ನಾಡ್ ಸದಾಶಿವ ರಾಯರ ಹೆಸರಿನದು. ಆದರೆ 1937ರಲ್ಲಿ ಅವರು ತೀರಿಕೊಂಡದ್ದು ಮುಂಬಯಿಯಲ್ಲಿ. ರಸ್ತೆ ಒಂದೂರಲ್ಲಿ, ಬಡಾವಣೆ ಇನ್ನೊಂದೂರಲ್ಲಿ, ಕೊನೆಯುಸಿರು ಮೂರನೆಯ ಊರಲ್ಲಿ. ನಮ್ಮ ಜಿಲ್ಲೆಗಳ ಶಾಸಕರು, ಸಂಸದರು, ಪುರಸಭೆ ಅಧ್ಯಕ್ಷರ ಬಗ್ಗೆ ಬರೆಯಹೊರಟವರು ಮೊದಲು ಎಡವುವುದು ಇಲ್ಲೇ. ಹೆಸರು ಉಳಿದ ಜಾಗವನ್ನೇ ದೇಹ ಮಣ್ಣಾದ ಜಾಗ ಎಂದು ಬರೆದುಬಿಡುತ್ತಾರೆ. ಒಮ್ಮೆ ಅಚ್ಚಾದರೆ ಆ ತಪ್ಪು ಒಂದು ಸ್ಮರಣ ಸಂಚಿಕೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ, ಮತ್ತೆ ತಿದ್ದುವವರಿಲ್ಲ.

ಈ ಕೆಲಸಕ್ಕೆ ಒಂದು ಒಳ್ಳೆಯ ಮಾದರಿ ಇರುವುದು ಅಮೆರಿಕದಲ್ಲಿ. ಅಲ್ಲಿನ ಕಾಂಗ್ರೆಸ್ ಎಂಬ ಸಂಸತ್ತಿನ ಸದಸ್ಯರ ಪರಿಚಯಕೋಶವನ್ನು ಚಾರ್ಲ್ಸ್ ಲ್ಯಾನ್‌ಮನ್ ಎಂಬವರು 1859ರಲ್ಲಿ ಮೊದಲು ಹೊರತಂದರು. ಅದೇ ಕ್ರಮೇಣ ಸರಕಾರದ ಅಧಿಕೃತ ಕೋಶವಾಗಿ ಬೆಳೆದು, ಈಗ 1774ರಿಂದ ಇಂದಿನವರೆಗಿನ ಎಲ್ಲ ಸದಸ್ಯರ ವಿವರ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಪ್ರತಿಯೊಬ್ಬರಿಗೂ ಒಂದು ಗುರುತು ಸಂಖ್ಯೆ ಇದೆ: ಉಪನಾಮದ ಮೊದಲ ಅಕ್ಷರ, ಅದರ ಮುಂದೆ ಆರು ಅಂಕಿ. ಬರಾಕ್ ಒಬಾಮಾ ಅವರದ್ದು ‘ಒ 000167’. ಹೆಸರು ಒಂದೇ ಆಗಿದ್ದರೂ, ಕಾಗುಣಿತ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಇದಲ್ಲದೆ ಲಾರೆನ್ಸ್ ಕೆಸ್ಟನ್‌ಬಾಮ್ ಎಂಬವರು 1996ರಲ್ಲಿ ‘ಪೊಲಿಟಿಕಲ್ ಗ್ರೇವ್‌ಯಾರ್ಡ್’ ಎಂಬ ಕೋಶ ಶುರುಮಾಡಿದರು. ಅದರಲ್ಲಿ ರಾಜಕಾರಣಿಗಳನ್ನು ಹೆಸರಿನಿಂದಲೂ ಹುಡುಕಬಹುದು, ದಫನಭೂಮಿಯಿಂದಲೂ ಹುಡುಕಬಹುದು. ನಮಗೆ ಬೇಕಾದದ್ದು ಅವರ ಅಚ್ಚುಕಟ್ಟು, ಅವರ ಹೆಸರುಗಳಲ್ಲ. ಆದರೂ ಅವರ ಒಂದು ನಮೂದನ್ನು ಬಿಡಿಸಿ ನೋಡದೆ ಆ ಅಚ್ಚುಕಟ್ಟು ಕೈಗೆ ಹತ್ತುವುದಿಲ್ಲ.

ದಲೀಪ್ ಸಿಂಗ್ ಸೌಂದ್ ಅವರನ್ನೇ ತೆಗೆದುಕೊಳ್ಳಿ. ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರು. ಅವರ ನಮೂದಿನ ಸಾರ ಹೀಗಿದೆ: ಕ್ಯಾಲಿಫೋರ್ನಿಯಾದ ಪ್ರತಿನಿಧಿ, 1899 ಸೆಪ್ಟೆಂಬರ್ 20ರಂದು ಪಂಜಾಬಿನ ಅಮೃತಸರದ ಬಳಿಯ ಛಜ್ಜಲ್‌ವಡ್ಡಿಯಲ್ಲಿ ಜನನ, 1949ರಲ್ಲಿ ಅಮೆರಿಕದ ಪೌರತ್ವ, 1957 ಜನವರಿ 3ರಿಂದ 1963 ಜನವರಿ 3ರವರೆಗೆ ಸದಸ್ಯ, 1973 ಏಪ್ರಿಲ್ 22ರಂದು ಹಾಲಿವುಡ್‌ನಲ್ಲಿ ಮರಣ, ಗ್ಲೆಂಡೇಲ್‌ನ ಫಾರೆಸ್ಟ್ ಲಾನ್ ಮೆಮೋರಿಯಲ್ ಪಾರ್ಕ್‌ನಲ್ಲಿ ದಫನ. ಇದರಲ್ಲಿ ಹೊಗಳಿಕೆಯ ಒಂದು ಪದವಿಲ್ಲ. ‘ಜನಾನುರಾಗಿ’ ಇಲ್ಲ, ‘ಧೀಮಂತ’ ಇಲ್ಲ. ತೀರಿಕೊಂಡ ಊರು ಒಂದು, ಮಣ್ಣಾದ ಊರು ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದಿದ್ದಾರೆ. ಯಾರೇ ಆಗಲಿ ಈ ಕ್ರಮದಲ್ಲೇ ಸಾಗುತ್ತಾರೆ: ಹೆಸರು, ಹುದ್ದೆ, ಹುಟ್ಟು, ಓದು, ಉದ್ಯೋಗ, ಅಧಿಕಾರದ ಅವಧಿ, ಸಾವು, ಅಂತ್ಯ, ಅಂದರೆ ದೇಹ ಕೊನೆಗೆ ಎಲ್ಲಿಗೆ ಹೋಯಿತು ಎಂಬುದು. ಕ್ರಮ ತಪ್ಪದ ಕಾರಣ ಒಂದು ಅಂಶ ಬಿಟ್ಟುಹೋದರೆ ಓದುವವರ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಆ ಕೋಶ ಓದುವಾಗ ಒಂದು ಲೆಕ್ಕ ತಿಳಿದಿರಬೇಕು. ಅಲ್ಲಿ ಅವಧಿಯನ್ನು ‘85ನೆಯ ಕಾಂಗ್ರೆಸ್’ ಎಂದು ಎಣಿಸುತ್ತಾರೆ. ಮೊದಲನೆಯದು 1789ರಲ್ಲಿ ಶುರುವಾಯಿತು, ಒಂದೊಂದೂ ಎರಡು ವರ್ಷದ್ದು. ಶುರುವಾದ ವರ್ಷದಿಂದ 1789 ಕಳೆಯಿರಿ, ಎರಡರಿಂದ ಭಾಗಿಸಿ, ಒಂದು ಕೂಡಿಸಿ. 1957ರಿಂದ ಕಳೆದರೆ 168, ಅರ್ಧ 84, ಒಂದು ಕೂಡಿಸಿದರೆ 85. ಹಳೆಯ ಅವಧಿಗಳು ಮಾರ್ಚ್ 4ಕ್ಕೆ ಶುರುವಾಗಿ ಮುಗಿಯುತ್ತಿದ್ದವು. ಸಂವಿಧಾನಕ್ಕೆ 20ನೆಯ ತಿದ್ದುಪಡಿ ಬಂದ ಮೇಲೆ, 1935ರಿಂದ, ಜನವರಿ 3 ಆಯಿತು. ಇದು ಗೊತ್ತಿಲ್ಲದವರು ಹಳೆಯ ಸದಸ್ಯರ ಅವಧಿಯಲ್ಲಿ ಎರಡು ತಿಂಗಳು ತಪ್ಪು ಬರೆಯುತ್ತಾರೆ.

ಕಲ್ಲು ಇದ್ದಲ್ಲಿ ದೇಹ ಇರಬೇಕೆಂದಿಲ್ಲ

ಈ ಮಾತಿಗೆ ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸೆಮೆಟ್ರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. 1807ರಲ್ಲಿ ಶುರುವಾದ ಈ ದಫನಭೂಮಿಯಲ್ಲಿ ಮರಳುಗಲ್ಲಿನ ಒಂದೇ ನಮೂನೆಯ, ಚೌಕಾಕಾರದ ಸ್ಮಾರಕಗಳು 160ಕ್ಕೂ ಹೆಚ್ಚಿವೆ. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಸದಸ್ಯರ ಹೆಸರಿನವು ಅವು. ಅವುಗಳಲ್ಲಿ ಹೆಚ್ಚಿನವುಗಳ ಕೆಳಗೆ ಯಾರೂ ಇಲ್ಲ. ದೇಹ ಅವರವರ ಊರಿಗೆ ಹೋಗಿದೆ, ಹೆಸರು ಮಾತ್ರ ರಾಜಧಾನಿಯಲ್ಲಿದೆ. ಫೋಟೋ ತೆಗೆದು ‘ಇಲ್ಲಿ ದಫನ’ ಎಂದು ಬರೆದರೆ ಮುಗಿಯಿತು, ತಪ್ಪು ಶಾಶ್ವತ.

ದೇಹ ಒಂದೇ ಕಡೆ ಉಳಿಯುತ್ತದೆ ಎಂದೂ ನಂಬಬಾರದು. ಅಧ್ಯಕ್ಷರಾಗಿದ್ದ ಜೇಮ್ಸ್ ಮನ್ರೋ 1831ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದರು. 1858ರಲ್ಲಿ ಅವರ ಅವಶೇಷಗಳನ್ನು ರಿಚ್ಮಂಡ್‌ನ ಹಾಲಿವುಡ್ ಸೆಮೆಟ್ರಿಗೆ ಸಾಗಿಸಿದರು. ಇದು ವರ್ಜೀನಿಯಾದ ಹಾಲಿವುಡ್. ಸೌಂದ್ ತೀರಿಕೊಂಡ ಕ್ಯಾಲಿಫೋರ್ನಿಯಾದ ಹಾಲಿವುಡ್ ಅಲ್ಲ. ಸ್ಥಳದ ಜೊತೆ ರಾಜ್ಯದ ಹೆಸರು ಯಾಕೆ ಬೇಕು ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಇನ್ನು ದೇಹವೇ ಸಿಗದವರಿದ್ದಾರೆ. 1972 ಅಕ್ಟೋಬರ್ 16ರಂದು ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಎಂಬ ಇಬ್ಬರು ಸದಸ್ಯರಿದ್ದ ವಿಮಾನ ಅಲಾಸ್ಕದಲ್ಲಿ ಕಾಣೆಯಾಯಿತು, ಇಂದಿಗೂ ಸಿಕ್ಕಿಲ್ಲ. ಕಾಣೆಯಾದ ಸ್ಥಿತಿಯಲ್ಲೇ ಇಬ್ಬರೂ ನವೆಂಬರಿನ ಚುನಾವಣೆಯಲ್ಲಿ ಗೆದ್ದರು. ಇಂಥವರಿಗೆ ‘ಮರಣದ ತಾರೀಕು’ ಎಂಬ ಕಾಲಮ್ಮಿನಲ್ಲಿ ಕಾಣೆಯಾದ ದಿನವನ್ನು ಸುಮ್ಮನೆ ತುಂಬುವಂತಿಲ್ಲ, ‘ಕಾಣೆಯಾದದ್ದು’ ಎಂದೇ ಬರೆಯಬೇಕು.

ಹಾಗಾಗಿ ನಾವು ಒಬ್ಬೊಬ್ಬರಿಗೆ ಬರೆಯುವ ಕಾರ್ಡಿನಲ್ಲಿ ‘ಅಂತ್ಯ’ ಮತ್ತು ‘ಸ್ಮಾರಕ’ ಎಂದು ಎರಡು ಬೇರೆ ಕಾಲಮ್ ಹಾಕಿ. ಅಂತ್ಯದಲ್ಲಿ ಬರೆಯುವುದು ನಡೆದ ಸಂಗತಿ. ಸ್ಮಾರಕದಲ್ಲಿ ಬರೆಯುವುದು ನಿಂತ ವಸ್ತು: ಪ್ರತಿಮೆ, ರಸ್ತೆ, ಸಭಾಂಗಣ, ಕಲ್ಲು. ಕುದ್ಮುಲ್ ರಂಗರಾಯರನ್ನು ರಾಜಕಾರಣಿ ಎನ್ನುವುದಕ್ಕಿಂತ ಸಮಾಜ ಸುಧಾರಕರು ಎನ್ನುವುದೇ ಸರಿ. ಆದರೆ ಈ ಎರಡು ಕಾಲಮ್ಮಿಗೆ ಅವರೇ ಒಳ್ಳೆಯ ಪಾಠ. ಅವರ ಹೆಸರಿನ ಪುರಭವನ ಇರುವುದು ಮಂಗಳೂರು ಪೇಟೆಯ ನಡುವೆ, ಸಮಾಧಿ ಇರುವುದು ಬಾಬುಗುಡ್ಡೆಯಲ್ಲಿ. ಮೊದಲನೆಯದು ಸ್ಮಾರಕ, ಎರಡನೆಯದು ಅಂತ್ಯ.

ಕಾರ್ಡು

ಒಬ್ಬರಿಗೆ ಒಂದು ಕಾರ್ಡು, ಅಥವಾ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು. ಗುರುತು ಸಂಖ್ಯೆಯನ್ನು ಮೊದಲ ದಿನವೇ ಕೊಡಿ, ಮತ್ತೆಂದೂ ಬದಲಿಸಬೇಡಿ. ಕಾಲಮ್‌ಗಳು ಇಷ್ಟು ಸಾಕು: ಗುರುತು ಸಂಖ್ಯೆ, ಪೂರ್ತಿ ಹೆಸರು, ಬಳಕೆಯ ಹೆಸರುಗಳು, ಜನನದ ತಾರೀಕು, ಜನನದ ಊರು, ಸ್ಥಾನಗಳು ಮತ್ತು ಅವಧಿ, ಮರಣದ ತಾರೀಕು, ಮರಣದ ಊರು, ಅಂತ್ಯದ ಬಗೆ, ಅಂತ್ಯದ ಜಾಗ, ಸ್ಮಾರಕ, ಆಧಾರ, ಆಧಾರದ ದರ್ಜೆ. ತಾರೀಕನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ತಾನಾಗಿ ಸರಿಯಾದ ಅನುಕ್ರಮದಲ್ಲಿ ಜೋಡಿಸುತ್ತದೆ. ಇನ್ನೊಂದು ಎಚ್ಚರ: ಎಕ್ಸೆಲ್ 1900ಕ್ಕಿಂತ ಹಿಂದಿನ ತಾರೀಕನ್ನು ತಾರೀಕೆಂದು ಒಪ್ಪುವುದಿಲ್ಲ. ಆದ್ದರಿಂದ ಆ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಇಟ್ಟುಕೊಳ್ಳಿ. ಇಲ್ಲದಿದ್ದರೆ 1881ರಲ್ಲಿ ಹುಟ್ಟಿದವರು ಒಂದು ಕಡೆ, 1902ರಲ್ಲಿ ಹುಟ್ಟಿದವರು ಇನ್ನೊಂದು ಕಡೆ ಜೋಡಣೆಯಾಗುತ್ತಾರೆ.

ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಡಿ. ‘ಹುಡುಕಿಲ್ಲ’ ಮತ್ತು ‘ಹುಡುಕಿಯೂ ಸಿಕ್ಕಿಲ್ಲ’ ಎರಡೂ ಒಂದೇ ಅಲ್ಲ. ಎರಡನೆಯದಕ್ಕೆ ಎಲ್ಲೆಲ್ಲಿ ಹುಡುಕಿದಿರಿ ಎಂಬುದನ್ನೂ ಬರೆದಿಟ್ಟರೆ ಮುಂದಿನವರಿಗೆ ಅದೇ ದಾರಿ ಮತ್ತೆ ತುಳಿಯುವ ಕಷ್ಟವಿಲ್ಲ.

ಹೆಸರು

ನಮ್ಮ ಕಡೆ ಅತಿ ಹೆಚ್ಚು ಗೊಂದಲ ಮಾಡುವುದು ಇನಿಷಿಯಲ್. ಯು. ಶ್ರೀನಿವಾಸ ಮಲ್ಯರ ‘ಯು’ ಎಂದರೆ ಉಳ್ಳಾಲ. ಕೆಲವರು ‘ಉ. ಶ್ರೀನಿವಾಸ ಮಲ್ಯ’ ಎಂದು ಬರೆಯುತ್ತಾರೆ, ಕೆಲವರು ‘ಮಲ್ಲ್ಯ’ ಎನ್ನುತ್ತಾರೆ. ಅಕಾರಾದಿಯಲ್ಲಿ ‘ಉ’ ಮತ್ತು ‘ಯ’ ನಡುವೆ ಅರ್ಧ ಪುಸ್ತಕದ ಅಂತರವಿದೆ. ಹಾಗಾಗಿ ಹುಡುಕುವಾಗ ನಾಲ್ಕೂ ರೂಪಗಳಲ್ಲಿ ಹುಡುಕಿ, ಸಿಕ್ಕಿದ ಎಲ್ಲ ರೂಪಗಳನ್ನೂ ‘ಬಳಕೆಯ ಹೆಸರುಗಳು’ ಕಾಲಮ್ಮಿನಲ್ಲಿ ಸೇರಿಸಿ. ಇನಿಷಿಯಲ್ ಊರೂ ಆಗಿರಬಹುದು, ತಂದೆಯ ಹೆಸರೂ ಆಗಿರಬಹುದು. ಅಳಿಯಸಂತಾನದ ಮನೆಗಳಲ್ಲಿ ತಾಯಿಯ ಕಡೆಯ ಗುತ್ತು, ಬೀಡು, ಬಾಳಿಕೆಯ ಹೆಸರೂ ಬರುತ್ತದೆ. ಅದಕ್ಕೆ ಮನೆಯವರನ್ನು ಕೇಳುವ ಮೊದಲ ಪ್ರಶ್ನೆ ಇದೇ ಆಗಿರಲಿ: ‘ಇನಿಷಿಯಲ್ ಯಾವುದರದ್ದು?’

ಒಂದೇ ಮನೆತನದವರು ಬೆರೆಯುವುದು ಇನ್ನೊಂದು ತೊಂದರೆ. ಮಣಿಪಾಲದ ಡಾ. ಟಿ.ಎಂ.ಎ. ಪೈ ಅವರ ಪೂರ್ತಿ ಹೆಸರು ತೋನ್ಸೆ ಮಾಧವ ಅನಂತ ಪೈ. ಅವರ ಅಣ್ಣನ ಮಗ, ಕೇಂದ್ರ ಸಚಿವರಾಗಿದ್ದ ಟಿ.ಎ. ಪೈ ಅವರದ್ದು ತೋನ್ಸೆ ಅನಂತ ಪೈ. ಹಿರಿಯರು ತೀರಿಕೊಂಡದ್ದು 1979ರಲ್ಲಿ, ಕಿರಿಯರು 1981ರಲ್ಲಿ, ಇಬ್ಬರೂ ಮೇ ತಿಂಗಳಲ್ಲಿ. ಒಂದು ಪತ್ರಿಕೆಯ ಕತ್ತರಿಕೆಯಲ್ಲಿ ವರ್ಷ ಹರಿದುಹೋಗಿದ್ದರೆ ಒಬ್ಬರ ಸುದ್ದಿ ಇನ್ನೊಬ್ಬರ ಕಾರ್ಡಿಗೆ ಹೋಗಲು ಎಷ್ಟು ಹೊತ್ತು? ಇಂಥ ಜೋಡಿಗಳಿದ್ದರೆ ಎರಡೂ ಕಾರ್ಡಿನಲ್ಲಿ ‘ಇವರಲ್ಲ’ ಎಂದು ಇನ್ನೊಬ್ಬರ ಗುರುತು ಸಂಖ್ಯೆ ಬರೆದಿಡಿ.

ಊರು ಮತ್ತು ಕ್ಷೇತ್ರ

ಊರನ್ನು ಆಗಿನ ಹೆಸರಿನಲ್ಲೂ ಈಗಿನ ಹೆಸರಿನಲ್ಲೂ ಬರೆಯಿರಿ. ಲೋಕಸಭೆಯ ಸ್ಪೀಕರ್ ಆಗಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ 1909 ಜೂನ್ 11ರಂದು ಹುಟ್ಟಿದ್ದು ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, 1956 ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 1997 ಆಗಸ್ಟ್‌ನಿಂದ ಉಡುಪಿ ಜಿಲ್ಲೆ. ಊರು ಅಲ್ಲಾಡಲಿಲ್ಲ, ವಿಳಾಸ ಮಾತ್ರ ಮೂರು ಬಾರಿ ಬದಲಾಯಿತು. ಕಾಸರಗೋಡಿನವರದ್ದು ಇನ್ನೂ ಸೂಕ್ಷ್ಮ, ಯಾಕೆಂದರೆ 1956ರಲ್ಲಿ ಆ ತಾಲೂಕು ಕೇರಳಕ್ಕೆ ಹೋಯಿತು. 1956ಕ್ಕಿಂತ ಹಿಂದಿನ ಶಾಸಕರನ್ನು ಬೆಂಗಳೂರಿನ ದಾಖಲೆಯಲ್ಲಿ ಹುಡುಕಿ ಸಿಗಲಿಲ್ಲ ಎಂದು ಕೈಬಿಡುವವರು ಬಹಳ. ಅವರೆಲ್ಲ ಮದ್ರಾಸ್ ಶಾಸನಸಭೆಯ ಕಲಾಪಗಳಲ್ಲಿದ್ದಾರೆ. ಮೈಸೂರಿಗೆ ಸೇರಿದ ಭಾಗದಿಂದ 1952ರಲ್ಲಿ ಮದ್ರಾಸಿಗೆ ಗೆದ್ದವರು ರಾಜ್ಯ ಮರುವಿಂಗಡಣೆಯ ದಿನ ಹೊಸ ಚುನಾವಣೆ ಇಲ್ಲದೆಯೇ ಮೈಸೂರು ವಿಧಾನಸಭೆಯ ಸದಸ್ಯರಾದರು. ಆ ಅವಧಿಯನ್ನು ಎರಡು ತುಂಡು ಮಾಡಿ, ಎರಡು ಸಾಲಿನಲ್ಲಿ ಬರೆಯಬೇಕು.

ಹುಟ್ಟೂರಿಗೂ ಕ್ಷೇತ್ರಕ್ಕೂ ಸಂಬಂಧ ಕಲ್ಪಿಸಬೇಡಿ. ಹೆಗ್ಡೆಯವರು 1977ರಲ್ಲಿ ಗೆದ್ದದ್ದು ಬೆಂಗಳೂರು ದಕ್ಷಿಣದಿಂದ. ಕ್ಷೇತ್ರದ ಹೆಸರನ್ನು ಆ ಚುನಾವಣೆಯ ದಿನ ಇದ್ದ ಹಾಗೆಯೇ ಬರೆಯಿರಿ: 2009ರ ಮೊದಲು ‘ಮಂಗಳೂರು’ ಲೋಕಸಭಾ ಕ್ಷೇತ್ರ, ಆ ಬಳಿಕ ‘ದಕ್ಷಿಣ ಕನ್ನಡ’, ಹಾಗೆಯೇ ‘ಉಡುಪಿ’ ಹೋಗಿ ‘ಉಡುಪಿ ಚಿಕ್ಕಮಗಳೂರು’. ಚುನಾವಣಾ ಆಯೋಗದ ಅಂಕಿಅಂಶ ವರದಿಗಳು ಮೊದಲ ಮಹಾಚುನಾವಣೆಯಿಂದ ಇಲ್ಲಿಯವರೆಗೂ ಸಿಗುತ್ತವೆ. ಕ್ಷೇತ್ರ, ಅಭ್ಯರ್ಥಿ, ಮತ ಎಲ್ಲಕ್ಕೂ ಅವೇ ಮೊದಲ ಆಧಾರ. ಸೋತವರನ್ನೂ ಬಿಡಬೇಡಿ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಸೋತರು. ಆ ಸೋಲನ್ನು ಬಿಟ್ಟು ಅವರ ರಾಜಕೀಯ ಕಾರ್ಡು ಬರೆದರೆ ಅದು ಅರ್ಧ ಕಾರ್ಡು.

ತಾರೀಕು

ಹುಟ್ಟಿದ ದಿನ ಎರಡು ಬಗೆಯಲ್ಲಿ ಸಿಗುತ್ತದೆ, ಎರಡೂ ಕೈಕೊಡುತ್ತವೆ. ಶಾಲೆಯ ದಾಖಲೆಯ ತಾರೀಕನ್ನು ಎಷ್ಟೋ ಸಲ ಮಾಸ್ಟ್ರು ಸೇರಿಸಿಕೊಳ್ಳುವಾಗ ಅಂದಾಜಿನಲ್ಲಿ ಬರೆದಿರುತ್ತಾರೆ. ಜಾತಕದಲ್ಲಿ ಸಂವತ್ಸರ ಮತ್ತು ಸೌರಮಾಸ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ: ವಿಶ್ವಾವಸು 1905ರಲ್ಲಿ ಬಂತು, 1965ರಲ್ಲಿ ಬಂತು, 2025ರಲ್ಲಿ ಬಂತು. ಅದರಲ್ಲಿ ಯಾವುದು ಎಂಬುದು ಬಾಳಿನ ಬೇರೆ ಘಟನೆಗಳಿಂದ ಗೊತ್ತಾಗುತ್ತದೆ. ಜನ ತಪ್ಪುವುದು ಅದರಲ್ಲಲ್ಲ. ತುಳುನಾಡಿನ ಲೆಕ್ಕದಲ್ಲಿ ವರ್ಷ ಶುರುವಾಗುವುದು ಬಿಸುವಿಗೆ, ಏಪ್ರಿಲ್ ನಡುವಿಗೆ. ಹಾಗಾಗಿ ‘ವಿಶ್ವಾವಸು, ಮಕರ ಮಾಸ’ ಎಂದಿದ್ದರೆ, ಅಂದರೆ ಪುಯಿಂತೆಲ್ ತಿಂಗಳಾದರೆ, ಅದು 1905 ಅಲ್ಲ, 1906ರ ಜನವರಿ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಇಂಥದ್ದೇ ತೊಡಕು ಜಾರ್ಜ್ ವಾಷಿಂಗ್ಟನ್ ಅವರಿಗೂ ಇದೆ. ಹುಟ್ಟಿದಾಗಿನ ಹಳೆಯ ಪಂಚಾಂಗದಲ್ಲಿ 1731 ಫೆಬ್ರವರಿ 11. ವರ್ಷಾರಂಭ ಮಾರ್ಚಿನಿಂದ ಜನವರಿಗೆ ಸರಿದು 11 ದಿನ ಕೂಡಿದ ಮೇಲೆ 1732 ಫೆಬ್ರವರಿ 22. ಅಲ್ಲಿನವರು ಹಳೆಯ ತಾರೀಕಿನ ಎದುರು ‘ಹಳೆ ಶೈಲಿ’ ಎಂದು ಗುರುತು ಹಾಕುತ್ತಾರೆ. ನಾವೂ ಜಾತಕದಲ್ಲಿದ್ದುದನ್ನು ಇದ್ದ ಹಾಗೇ ನಕಲು ಮಾಡಿ, ಪಕ್ಕದಲ್ಲಿ ಪರಿವರ್ತಿಸಿದ ತಾರೀಕು ಬರೆಯೋಣ. ಪರಿವರ್ತನೆ ತಪ್ಪಿದ್ದರೆ ಮುಂದೊಬ್ಬರು ಸರಿಮಾಡಬಹುದು. ಮೂಲವೇ ಇಲ್ಲದಿದ್ದರೆ ಸರಿಮಾಡುವುದು ಏನನ್ನು?

ಪತ್ರಿಕೆಯ ನಿಧನ ಸುದ್ದಿಯಿಂದ ತಾರೀಕು ತೆಗೆಯುವಾಗ ವಾರದ ಹೆಸರನ್ನು ನೋಡಿ. ‘ಭಾನುವಾರ ನಿಧನರಾದರು’ ಎಂದಿದ್ದರೆ ಸೋಮವಾರದ ಪತ್ರಿಕೆಯಿಂದ ಒಂದು ದಿನ ಹಿಂದೆ ಹೋಗಿ. ಆದರೆ ಅದೇ ಸುದ್ದಿ ಬುಧವಾರ ಅಚ್ಚಾಗಿದ್ದರೂ ಇರಬಹುದು, ಆಗ ಮೂರು ದಿನ. ರಾತ್ರಿ 12 ದಾಟಿದ ಸಾವುಗಳಲ್ಲಿ ಮನೆಯವರು ಹೇಳುವ ದಿನ ಒಂದು, ಆಸ್ಪತ್ರೆಯ ಕಾಗದದ ದಿನ ಇನ್ನೊಂದು ಇರುತ್ತದೆ. ಸೂರ್ಯೋದಯಕ್ಕೆ ದಿನ ಬದಲಾಗುವುದು ನಮ್ಮ ಲೆಕ್ಕ, ಮಧ್ಯರಾತ್ರಿಗೆ ಬದಲಾಗುವುದು ಸರಕಾರದ ಲೆಕ್ಕ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅಂತ್ಯವನ್ನು ಪತ್ತೆ ಮಾಡುವುದು

ಮರಣ ಪ್ರಮಾಣಪತ್ರ ಸಿಕ್ಕಿದರೆ ಎಲ್ಲ ಸಿಕ್ಕಿತು ಎಂದುಕೊಳ್ಳಬೇಡಿ. ಅದರಲ್ಲಿ ಹೆಸರು, ತಾರೀಕು, ಮರಣದ ಸ್ಥಳ, ತಂದೆ ತಾಯಿಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರುತ್ತವೆ; ದೇಹ ಎಲ್ಲಿಗೆ ಹೋಯಿತು ಎಂಬುದಿಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮಾಜಿ ಸದಸ್ಯರು ತೀರಿಕೊಂಡಾಗ ಸಭಾಧ್ಯಕ್ಷರು ಓದುವ ಸಂತಾಪ ಸೂಚನೆ ಕಲಾಪದಲ್ಲಿ ದಾಖಲಾಗುತ್ತದೆ. ಕ್ಷೇತ್ರ, ಅವಧಿ, ಮರಣದ ದಿನ, ವಯಸ್ಸಿಗೆ ಅದು ಚಿನ್ನದಂಥ ಆಧಾರ. ಅಂತ್ಯಕ್ಕೆ ಅದೂ ಸಾಲದು.

ಸಾಲುವುದು ಮೂರು ಕಡೆಯ ದಾಖಲೆ. ಮೊದಲನೆಯದು ಮರುದಿನದ ಪತ್ರಿಕೆ. ಉದಯವಾಣಿ 1970ರಿಂದ ಮಣಿಪಾಲದಲ್ಲಿ ಅಚ್ಚಾಗುತ್ತಿದೆ. ಅದಕ್ಕಿಂತ ಹಿಂದಿನದಕ್ಕೆ ಮಂಗಳೂರಿನ ನವಭಾರತದ ಹಳೆಯ ಕಟ್ಟುಗಳನ್ನು ಗ್ರಂಥಾಲಯಗಳಲ್ಲಿ ವಿಚಾರಿಸಬೇಕು. ‘ನಾಳೆ ಅಂತ್ಯಕ್ರಿಯೆ ನಡೆಯಲಿದೆ’ ಎಂಬ ಸುದ್ದಿ ಆಧಾರವಲ್ಲ. ಮಕ್ಕಳು ವಿದೇಶದಿಂದ ಬರುವುದು ತಡವಾಗಿ, ಮಳೆ ಬಂದು, ಜಾಗ ಬದಲಾದ ಉದಾಹರಣೆ ಬೇಕಾದಷ್ಟಿವೆ. ‘ನಡೆಯಿತು’ ಎಂಬ ಸುದ್ದಿ ಸಿಗುವವರೆಗೆ ಇನ್ನೆರಡು ದಿನದ ಪುಟ ತಿರುವಿ.

ಎರಡನೆಯದು ಆಯಾ ಜಾಗದ ಪುಸ್ತಕ. ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಮರಣ ಪುಸ್ತಕ ಇರುತ್ತದೆ. ತೀರಿಕೊಂಡ ದಿನ ಮತ್ತು ಮಣ್ಣು ಮಾಡಿದ ದಿನ ಎರಡನ್ನೂ ಬರೆದಿರುತ್ತಾರೆ. ಹಳೆಯವು ಲ್ಯಾಟಿನ್ ಭಾಷೆಯಲ್ಲಿವೆ. ‘ಓಬಿಇತ್’ ಎಂದರೆ ತೀರಿಕೊಂಡರು, ‘ಸೆಪುಲ್ತುಸ್’ ಎಂದರೆ ಮಣ್ಣಾದರು, ಇವೆರಡು ಪದ ಗೊತ್ತಿದ್ದರೆ ಸಾಲು ಬಿಡಿಸಬಹುದು. ಧರ್ಮಗುರುಗಳಿಗೆ ಮೊದಲೇ ಪತ್ರ ಬರೆದು, ಹೆಸರು ಮತ್ತು ಅಂದಾಜು ವರ್ಷ ತಿಳಿಸಿ ಹೋಗಿ. ವರ್ಷವೇ ಹೇಳದೆ ‘ಪುಸ್ತಕ ಕೊಡಿ, ನಾವು ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಆ ಪುಸ್ತಕದಲ್ಲಿ ಬೇರೆಯವರ ಮನೆಯ ಸಂಗತಿಗಳಿವೆ. ಮಸೀದಿಯಲ್ಲಾದರೆ ಜಮಾಅತ್ ಸಮಿತಿಯನ್ನು ಕೇಳಿ. ಖಬರಸ್ಥಾನದಲ್ಲಿ ಎಷ್ಟೋ ಗೋರಿಗಳಿಗೆ ಹೆಸರಿನ ಕಲ್ಲೇ ಇರುವುದಿಲ್ಲ, ಜಾಗ ಗೊತ್ತಿರುವುದು ಮಸೀದಿಯ ಕೆಲಸ ನೋಡಿಕೊಳ್ಳುವ ಮುಕ್ರಿಗೆ ಮತ್ತು ಮನೆಯವರಿಗೆ. ಕಲ್ಲಿದ್ದು ಹಿಜರಿ ವರ್ಷ ಬರೆದಿದ್ದರೆ ಸರಳ ವ್ಯವಕಲನ ಮಾಡಬೇಡಿ. ಹಿಜರಿ ವರ್ಷ ಸುಮಾರು 354 ದಿನದ್ದು. 1400 ಶುರುವಾದದ್ದು 1979ರ ನವೆಂಬರ್‌ನಲ್ಲಿ, 1446 ಶುರುವಾದದ್ದು 2024ರ ಜುಲೈಯಲ್ಲಿ. ಮಂಗಳೂರಿನ ಬೋಳೂರು, ನಂದಿಗುಡ್ಡ, ಉಡುಪಿಯ ಬೀಡಿನಗುಡ್ಡೆ, ಇಂದ್ರಾಳಿಯಂಥ ರುದ್ರಭೂಮಿಗಳಲ್ಲಾದರೆ ಅಲ್ಲಿನ ಉಸ್ತುವಾರಿ ಯಾರದ್ದೋ ಅವರಲ್ಲಿ ರಿಜಿಸ್ಟರ್ ವಿಚಾರಿಸಿ.

ಮೂರನೆಯದು ಮನೆ. ಹಳ್ಳಿಗಳಲ್ಲಿ ದೊಡ್ಡ ಮನೆತನದವರ ದಹನ ಎಷ್ಟೋ ಸಲ ಸ್ವಂತ ಜಾಗದಲ್ಲೇ ನಡೆಯುತ್ತದೆ. ಅದು ಯಾವ ಕಚೇರಿಯ ಪುಸ್ತಕದಲ್ಲೂ ಸಿಗುವುದಿಲ್ಲ. ಕಾಟ, ಅಂದರೆ ಚಿತೆ, ಎಲ್ಲಿತ್ತು, ಅದರ ಮೇಲೆ ದೂಪೆ ಎಂಬ ದಿಬ್ಬ ಕಟ್ಟಿದ್ದರೋ ಇಲ್ಲವೋ ಎಂಬುದು ಮನೆಯ ಹಿರಿಯರಿಗೆ ಮತ್ತು ಆ ದಿನ ಕೆಲಸಕ್ಕೆ ನಿಂತ ನೆರೆಯವರಿಗೆ ಮಾತ್ರ ಗೊತ್ತು. ದೂಪೆ ಮಣ್ಣಿನದ್ದು, ಒಂದೆರಡು ಮಳೆಗಾಲಕ್ಕೆ ಕರಗುತ್ತದೆ, ಆಮೇಲೆ ಅಲ್ಲಿ ಅಡಿಕೆ ಸಸಿ ಬಂದರೂ ಬಂತು. ಹೀಗಾಗಿ 80 ದಾಟಿದವರನ್ನು ಮೊದಲು ಮಾತಾಡಿಸಿ. ಪತ್ರಿಕೆಯ ಕಟ್ಟು ಮುಂದಿನ ವರ್ಷವೂ ಇರುತ್ತದೆ. ಬೊಜ್ಜದ, ಉತ್ತರಕ್ರಿಯೆಯ ಆಮಂತ್ರಣ ಪತ್ರ ಇದೆಯೇ ಎಂದು ಕೇಳಿ. ತೀರಿಕೊಂಡ ದಿನ ಅದರಲ್ಲಿ ಅಚ್ಚಾಗಿರುತ್ತದೆ, ಎಷ್ಟೋ ಮನೆಗಳಲ್ಲಿ ದೇವರ ಫೋಟೋದ ಹಿಂದೆ ಅಥವಾ ಹಳೆಯ ಪಂಚಾಂಗದ ನಡುವೆ ಭದ್ರವಾಗಿರುತ್ತದೆ.

ಮಾತಾಡಿಸುವಾಗ ‘ಎಲ್ಲಿ ಸುಟ್ಟರು?’ ಎಂದು ಕೇಳುವ ಬಾಯಿ ನಮ್ಮದಾಗಬಾರದು. ‘ಅಜ್ಜನವರ ಕಾರ್ಯ ಎಲ್ಲಿ ಆಯಿತು ಅಮ್ಮಾ?’ ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಸಾವಾಗಿ ವರ್ಷ ತುಂಬದ ಮನೆಗೆ ಹೋಗಬೇಡಿ. ಖಾಸಗಿ ಜಾಗದಲ್ಲಾದರೆ ಗ್ರಾಮದ ಹೆಸರು ಮತ್ತು ‘ಮನೆಯ ಜಾಗ’ ಎಂಬಷ್ಟೇ ಬಹಿರಂಗ ಪ್ರತಿಯಲ್ಲಿ ಹಾಕಿ, ನಿಖರ ಗುರುತನ್ನು ಮನೆಯವರ ಒಪ್ಪಿಗೆಯಿಲ್ಲದೆ ಹಾಕಬೇಡಿ.

ಅಂತ್ಯದ ಬಗೆಗೆ ನಿಗದಿಯಾದ ಪದಗಳನ್ನೇ ಬಳಸಿ: ದಹನ, ದಫನ, ಅಸ್ಥಿ ವಿಸರ್ಜನೆ, ಅಸ್ಥಿ ದಫನ, ದೇಹದಾನ, ಸ್ಥಳಾಂತರ, ಕಾಣೆ. ‘ಅಂತ್ಯಸಂಸ್ಕಾರ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಒಬ್ಬರಿಗೆ ಎರಡು ಪದ ಬೇಕಾದರೆ ಎರಡು ಸಾಲು ಬರೆಯಿರಿ. ಮಂಗಳೂರಿನಲ್ಲಿ 1930 ಜೂನ್ 3ರಂದು ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಅವರ ಕಾರ್ಡಿಗೆ ಹೀಗೆ ಎರಡು ಸಾಲು ಬೇಕು. 2019 ಜನವರಿ 29ರಂದು ದಿಲ್ಲಿಯಲ್ಲಿ ಮರಣ. ಲೋಧಿ ರಸ್ತೆಯ ಚಿತಾಗಾರದಲ್ಲಿ ದಹನ. ಬಳಿಕ ಪೃಥ್ವಿರಾಜ್ ರಸ್ತೆಯ ಕ್ರೈಸ್ತ ದಫನಭೂಮಿಯಲ್ಲಿ ಅಸ್ಥಿ ದಫನ. ‘ಕ್ರೈಸ್ತರು, ಹಾಗಾದರೆ ದಫನವೇ’ ಎಂದು ಊಹಿಸಿದವರು ಮೊದಲ ಸಾಲನ್ನು ತಪ್ಪುತ್ತಾರೆ, ದಹನದ ಸುದ್ದಿ ಓದಿ ನಿಲ್ಲಿಸಿದವರು ಎರಡನೆಯದನ್ನು. ಅವರ ಸ್ಥಾನಗಳ ಪಟ್ಟಿಯಲ್ಲಿ ಬೊಂಬಾಯಿ ದಕ್ಷಿಣ, ಮುಜಫರ್‌ಪುರ, ನಳಂದ ಇವೆ, ಮಂಗಳೂರು ಇಲ್ಲ.

ಆಸ್ಕರ್ ಫೆರ್ನಾಂಡಿಸ್ ಅವರದ್ದು ಬೇರೆ ಪಾಠ. ಉಡುಪಿಯವರು, 1980ರಿಂದ 1998ರವರೆಗೆ ಉಡುಪಿಯ ಸಂಸದರು, 2021 ಸೆಪ್ಟೆಂಬರ್ 13ರಂದು ತೀರಿಕೊಂಡದ್ದು ಮಂಗಳೂರಿನಲ್ಲಿ. ಉಡುಪಿಯಲ್ಲೂ ಮಂಗಳೂರಿನಲ್ಲೂ ಪ್ರಾರ್ಥನೆ, ಅಂತಿಮ ದರ್ಶನ ನಡೆದು, ಮಣ್ಣಾದದ್ದು ಬೆಂಗಳೂರಿನಲ್ಲಿ. ಅಂತಿಮ ದರ್ಶನದ ಫೋಟೋ ನೋಡಿ ಜಾಗ ಬರೆದವರು ಇಲ್ಲಿ ಎರಡು ಸಲ ತಪ್ಪಬಹುದು.

ಜಾಗಕ್ಕೆ ಹೋದಾಗ

ಕಲ್ಲಿನ ಫೋಟೋಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದ ಪಾಚಿ ಒಣಗಿ ಉದುರಿರುತ್ತದೆ, ಬಿಸಿಲು ಓರೆಯಾಗಿ ಬೀಳುತ್ತದೆ. ಇಗರ್ಜಿಗಳಲ್ಲಿ ನವೆಂಬರ್ 2ರ ಮೃತರ ಸ್ಮರಣೆಯ ಮುನ್ನ ಮನೆಯವರು ಗೋರಿಗಳನ್ನು ತಿಕ್ಕಿ ತೊಳೆಯುತ್ತಾರೆ. ಹಬ್ಬದ ದಿನ ಹೂವು, ಮೊಂಬತ್ತಿಯಿಂದ ಅಕ್ಷರ ಮುಚ್ಚಿಹೋಗುತ್ತದೆ, ಪ್ರಾರ್ಥನೆಗೆ ಬಂದವರ ನಡುವೆ ಕ್ಯಾಮರಾ ಹಿಡಿದು ನಿಲ್ಲುವುದೂ ಸರಿಯಲ್ಲ. ಒಂದೆರಡು ವಾರ ಬಿಟ್ಟು ಹೋಗಿ.

ಸವೆದ ಅಕ್ಷರ ಓದಲು ಬೆಳಕು ಪಕ್ಕದಿಂದ ಬರಬೇಕು. ಎದುರಿನಿಂದ ಬಿದ್ದ ಬೆಳಕಿನಲ್ಲಿ ಕೊರೆದ ಗೆರೆಗೆ ನೆರಳೇ ಇಲ್ಲ, ಅದಕ್ಕೇ ನಡುಹಗಲಿನ ಫೋಟೋದಲ್ಲಿ ಕಲ್ಲು ಬೋಳಾಗಿ ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಾದರೆ ಒಬ್ಬರು ದೂರದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಬಿಡಲಿ. ಸ್ವಚ್ಛ ಮಾಡಲು ನೀರು ಮತ್ತು ಮೆತ್ತನೆಯ ಬ್ರಷ್ ಮಾತ್ರ, ಅದೂ ಅನುಮತಿ ಪಡೆದು. ಸೀಮೆಸುಣ್ಣ, ಅರಿಶಿನ, ತಂತಿ ಬ್ರಷ್, ಆಸಿಡ್ ಯಾವುದೂ ಬೇಡ. ನಮ್ಮ ಕಡೆಯ ಹಳೆಯ ಗೋರಿಗಳು ಮುರಕಲ್ಲಿನ ಮೇಲೆ ಗಾರೆ ಹಚ್ಚಿದವು. ಗಾರೆಗೆ ಆಸಿಡ್ ತಾಗಿದರೆ ಅಕ್ಷರವೇ ನೊರೆಯಾಗಿ ಹೋಗುತ್ತದೆ.

ಮೂರು ಫೋಟೋ ತೆಗೆಯಿರಿ: ಅಕ್ಷರದ ಹತ್ತಿರದ್ದು, ಗೋರಿ ಪೂರ್ತಿ, ಹಿಂದೆ ಗುರುತಿನ ಮರವೋ ಗೋಡೆಯೋ ಬರುವಂಥ ದೂರದ್ದು. ಅಕ್ಷರಗಳನ್ನು ಅಲ್ಲೇ ಕುಳಿತು ಇದ್ದ ಹಾಗೆ ನಕಲು ಮಾಡಿ, ತಪ್ಪು ಕಾಗುಣಿತವನ್ನೂ ತಿದ್ದದೆ. ಕನ್ನಡ ಲಿಪಿಯಲ್ಲಿದೆ ಎಂದ ಮಾತ್ರಕ್ಕೆ ಕನ್ನಡವೆಂದುಕೊಳ್ಳಬೇಡಿ, ಕೊಂಕಣಿ ಇರಬಹುದು. ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶವನ್ನು ದಶಮಾಂಶದಲ್ಲಿ ಬರೆದುಕೊಳ್ಳಿ. ನಾಲ್ಕು ಸ್ಥಾನ ಬರೆದರೆ ಸುಮಾರು 11 ಮೀಟರ್ ಒಳಗೆ, ಐದು ಬರೆದರೆ ಒಂದು ಮೀಟರ್ ಲೆಕ್ಕ. ಇಗರ್ಜಿಯ ಸಾಲುಗೋರಿಗಳಲ್ಲಿ ಐದೂ ಬೇಕು, ಜೊತೆಗೆ ‘ಗೇಟಿನಿಂದ ಎಡಕ್ಕೆ ಮೂರನೆಯ ಸಾಲು, ಏಳನೆಯದು’ ಎಂದೂ ಬರೆಯಿರಿ; ಮರದಡಿಯಲ್ಲಿ ಮೊಬೈಲ್ ನಾಲ್ಕೈದು ಮೀಟರ್ ತಪ್ಪುವುದು ಮಾಮೂಲು.

ಕಲ್ಲು ಸಿಗದಿದ್ದರೆ ದಫನವೇ ಆಗಿಲ್ಲ ಎನ್ನಬೇಡಿ. ಜಾಗ ಕಡಿಮೆ ಇರುವ ದಫನಭೂಮಿಗಳಲ್ಲಿ ಕೆಲವು ವರ್ಷದ ಬಳಿಕ ಅದೇ ಗುಂಡಿಯನ್ನು ಇನ್ನೊಬ್ಬರಿಗೆ ತೆರೆಯುವ ಪದ್ಧತಿಯಿದೆ. ಶಾಶ್ವತ ಗೋರಿ ಪಡೆದ ಮನೆತನಗಳದ್ದು ಮಾತ್ರ ಕಲ್ಲಾಗಿ ಉಳಿಯುತ್ತದೆ. ಹಾಗಿದ್ದಾಗ ಮರಣ ಪುಸ್ತಕದ ಸಾಲೇ ಆಧಾರ, ಅಂತ್ಯದ ಜಾಗದಲ್ಲಿ ‘ಗೋರಿ ಉಳಿದಿಲ್ಲ’ ಎಂದು ಸೇರಿಸಿ.

ಆಧಾರದ ದರ್ಜೆ

ಆ ದಿನವೇ, ಅದೇ ಜಾಗದಲ್ಲಿ ಬರೆದ ಪುಸ್ತಕಕ್ಕೆ ಒಂದನೆಯ ದರ್ಜೆ. ವಾರದೊಳಗಿನ ಪತ್ರಿಕೆ ಸುದ್ದಿಗೆ, ಕಣ್ಣಾರೆ ಕಂಡವರ ಮಾತಿಗೆ ಎರಡು. ವರ್ಷಗಳ ನಂತರದ ಕಲ್ಲು, ಸ್ಮರಣ ಸಂಚಿಕೆ, ಅಂತರ್ಜಾಲದ ಬರಹಕ್ಕೆ ಮೂರು. ಕಲ್ಲಿಗೆ ಮೂರನೆಯ ದರ್ಜೆಯೇ ಎಂದು ಕೆಲವರು ಬೇಸರಿಸಬಹುದು. ಆದರೆ ಕಲ್ಲು ಕೆತ್ತಿಸುವುದು ವರ್ಷಾಂತಿಕಕ್ಕೋ ಶತಮಾನೋತ್ಸವಕ್ಕೋ, ತಾರೀಕು ಕೊಡುವುದು ನೆನಪಿನಿಂದ. ಮೂರನೆಯ ದರ್ಜೆಯ ಮೂರು ಬರಹ ಸೇರಿದರೆ ಒಂದನೆಯದಾಗುವುದಿಲ್ಲ. ಮೂರೂ ಒಂದನ್ನೊಂದು ನಕಲು ಮಾಡಿರಬಹುದು. ಒಂದೇ ತಪ್ಪು ಕಾಗುಣಿತ ಮೂರರಲ್ಲೂ ಇದೆಯೇ ನೋಡಿ, ಇದ್ದರೆ ಅದು ಒಂದೇ ಆಧಾರ.

ತಿದ್ದುವಾಗ ಹಳೆಯದನ್ನು ಅಳಿಸಬೇಡಿ. ಹಳೆಯ ಮಾಹಿತಿ, ಹೊಸ ಮಾಹಿತಿ, ತಿದ್ದಿದ ತಾರೀಕು, ಕಾರಣ ಎಂದು ಕಾರ್ಡಿನ ಹಿಂಬದಿಯಲ್ಲಿ ಒಂದು ಸಾಲು. ಬರೆದದ್ದರ ಒಂದು ಅಚ್ಚುಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದನ್ನು ಮಾಹಿತಿ ಕೊಟ್ಟ ಮನೆಗೆ. ಎಷ್ಟೋ ತಪ್ಪುಗಳು ಹೊರಬರುವುದು ಆ ಮನೆಯ ಚಾವಡಿಯಲ್ಲಿ ಯಾರೋ ಹಿರಿಯರು ಅದನ್ನು ಗಟ್ಟಿಯಾಗಿ ಓದಿಸಿಕೊಂಡಾಗ.